ಉಕ್ಕುಗೈ ಠೂ ಬಿಟ್ಟಿದ್ದು

ಕೊರಿಯರ್‌ನವರು ಕೊಟ್ಟುಹೋದ ಲಕೋಟೆ ಹರಿದ ಕೂಡಲೇ ಹೊಸ ಶಾಯಿಯ ವಾಸನೆ ಮೂಗಿಗೆ ಬಡಿಯಿತು. ಒಳಗಿದ್ದದ್ದು ಮಕ್ಕಳ ಚಿತ್ರಕಥೆ, ‘ಉಕ್ಕುಗೈ’ ಸರಣಿಯ ಹೊಸ ಸಂಚಿಕೆ. ಬಲಗೈ ಪೂರಾ ಉಕ್ಕಿನದಾಗಿರುವ, ಮುಖಕ್ಕೆ ಕಪ್ಪು ಪಟ್ಟಿ ಕಟ್ಟಿಕೊಂಡ ವೀರನೊಬ್ಬ ಊರನ್ನು ಕಾಯುವ ಕಥೆಗಳು. ಮೂವತ್ತು ವರ್ಷಗಳ ಹಿಂದೆ ನಿಂತುಹೋಗಿದ್ದ ಸರಣಿಯನ್ನು ಈಗ ಯಾರೋ ಹೊಸಬರು ಮತ್ತೆ ಶುರು ಮಾಡಿದ್ದಾರೆ. ನಾನು ಪುಸ್ತಕ ವಿಮರ್ಶೆ ಬರೆಯುವ ಅಂತರ್ಜಾಲ ಪತ್ರಿಕೆಯ ಸಂಪಾದಕಿ ಅದನ್ನು ಕಳಿಸಿದ್ದಳು. ವಯಸ್ಸಿನಲ್ಲಿ ನನ್ನ ಮಗಳಷ್ಟಿರುವ ಹುಡುಗಿ.

“ಮೇಡಂ, ಇದನ್ನ ನೀವೇ ಬರೀಬೇಕು. ಐನೂರು ಪದ ಸಾಕು, ಶನಿವಾರದೊಳಗೆ ಕೊಡಿ. ಸ್ವಲ್ಪ ನಾಸ್ಟಾಲ್ಜಿಯಾ ಇರ್ಲಿ ಮೇಡಂ, ಓದೋರಿಗೆ ಇಷ್ಟ ಆಗುತ್ತೆ” ಎಂದಿದ್ದಳು ಫೋನಿನಲ್ಲಿ.

ನಾಸ್ಟಾಲ್ಜಿಯಾ ತಾನೇ? ಬೇಕಾದಷ್ಟಿದೆ. ಅವಳು ಕೇಳಿದ ಬಗೆಯದಲ್ಲ, ಅಷ್ಟೇ.

ಬಸವೇಶ್ವರನಗರದ ನಮ್ಮ ಮನೆಯ ಬಾಲ್ಕನಿಯಲ್ಲಿ ಕುಳಿತು ಪುಸ್ತಕ ತೆರೆದೆ. ಮೊದಲು ಒಳ್ಳೆಯದನ್ನೇ ಹೇಳಬೇಕು. ಚಿತ್ರಗಳು ಬಹಳ ಚೆನ್ನಾಗಿವೆ. ಹಿಂದೆಲ್ಲ ಉಕ್ಕುಗೈ ಹೊಡೆದಾಡುತ್ತಿದ್ದದ್ದು ಹೆಸರೇ ಇಲ್ಲದ ಯಾವುದೋ ಊರಿನಲ್ಲಿ. ಈ ಸಂಚಿಕೆಯಲ್ಲಿ ನಾಯಂಡಹಳ್ಳಿಯ ಮೆಟ್ರೊ ನಿಲ್ದಾಣದಲ್ಲೇ ಹೊಡೆದಾಟ. ಕೆಳಗೆ ಮೈಸೂರು ರಸ್ತೆಯ ಟ್ರಾಫಿಕ್ಕು, ಹೆಲ್ಮೆಟ್ ತೆಗೆದು ಮೇಲೆ ನೋಡುತ್ತ ನಿಂತ ಡೆಲಿವರಿ ಹುಡುಗರು, ಎಲ್ಲವೂ ಇವೆ. ಬಣ್ಣ ಹಾಕಿದವರ ಕೈಗೆ ಒಂದು ನಮಸ್ಕಾರ. ಹೀಗೆ ಖುಷಿಯಿಂದಲೇ ಪುಟ ತಿರುಗಿಸುತ್ತಿದ್ದವಳು ಹನ್ನೊಂದನೇ ಪುಟದಲ್ಲಿ ನಿಂತುಬಿಟ್ಟೆ. ಮುರಿದು ಬೀಳುತ್ತಿರುವ ಕಂಬವನ್ನು ಉಕ್ಕುಗೈ ಹೆಗಲ ಮೇಲೆ ತಡೆದು ನಿಂತಿದ್ದಾನೆ. ಮುಖ ಕಿವುಚಿದೆ. ಬಾಯಿಯಿಂದ ಹೊರಟ ಬಲೂನು, ಅಂದರೆ ಮಾತು ಬರೆಯುವ ಆ ಗುಳ್ಳೆ, ಹೆಬ್ಬೆರಳಿನ ಉಗುರಿನಷ್ಟಿದೆ. ಅದರೊಳಗೆ ಇರುವೆ ಸಾಲಿನ ಹಾಗೆ ಬರೆದಿದ್ದಾರೆ: ‘ಇನ್ನು ಮುಂದೆ ಈ ಭಾರವನ್ನು ಹೊರಲು ನನ್ನಿಂದ ಸಾಧ್ಯವಾಗುವುದಿಲ್ಲ!’ ‘ಧ್ಯ’ದ ಒತ್ತು ಕೆಳಗಿನ ಸಾಲಿನ ತಲೆಗೆ ತಾಗಿದೆ. ಕಂಬ ಬೀಳುತ್ತಿರುವಾಗ ಇಷ್ಟು ಮಾತಾಡುವಷ್ಟು ಉಸಿರು ಯಾರಿಗಿರುತ್ತದೆ?

ಆ ಬಲೂನನ್ನು ನೋಡಿದ್ದೇ ಕಾಕಾ ನೆನಪಾದರು. ಕಾಕಾ ಆಗಿದ್ದರೆ ‘ಆಗ್ತಿಲ್ಲಪ್ಪ!’ ಎಂದು ಬರೆದು ಮುಗಿಸುತ್ತಿದ್ದರು. ಬಲೂನಿನಲ್ಲಿ ಇನ್ನೂ ಜಾಗ ಉಳಿಯುತ್ತಿತ್ತು.

ಕಾಕಾ ನಮ್ಮ ಸಂಬಂಧಿಕರಲ್ಲ. ರಾಜಾಜಿನಗರ ಮೂರನೇ ಬ್ಲಾಕಿನಲ್ಲಿ ನಾವು ಮಹಡಿಯ ಮೇಲಿದ್ದೆವು, ಅವರು ಕೆಳಗಿನ ಎರಡು ಕೋಣೆಯ ಮನೆಯಲ್ಲಿ ಬಾಡಿಗೆಗಿದ್ದರು. ಗದಗಿನ ಕಡೆಯವರು. ನಾನು ಎಲ್ಲರಂತೆ ‘ಅಂಕಲ್’ ಎಂದಾಗ, “ಅಂಕಲ್ ಅಂದ್ರ ಯಾರೋ ಅನಸ್ತೈತಿ, ಕಾಕಾ ಅನ್ನವಾ” ಎಂದು ಅವರೇ ಹೇಳಿಕೊಟ್ಟರು. ಅವರ ಹೆಂಡತಿ ಚಿಗವ್ವ. ನಾವು ಚಿಕ್ಕಮ್ಮ ಎನ್ನುವುದಕ್ಕೆ ಅವರ ಕಡೆ ಹಾಗೆನ್ನುತ್ತಾರೆ. ಅವರಿಗೆ ಮಕ್ಕಳಿರಲಿಲ್ಲ. ಶಾಲೆ ಬಿಟ್ಟವಳು ನಮ್ಮ ಮನೆಯ ಮೆಟ್ಟಿಲು ಹತ್ತುವ ಬದಲು ಅವರ ಹೊಸ್ತಿಲು ದಾಟಿ ಒಳಗೆ ಕೂತುಬಿಡುತ್ತಿದ್ದೆ. ಅಮ್ಮ ಮೇಲಿಂದ ಕೂಗಿ ಕೂಗಿ ಸಾಕಾಗಿ ಸುಮ್ಮನಾಗುತ್ತಿದ್ದಳು.

ಕಾಕಾ ಮಾಡುತ್ತಿದ್ದ ಕೆಲಸವನ್ನು ಈಗಿನವರಿಗೆ ವಿವರಿಸಿಯೇ ಹೇಳಬೇಕು. ‘ಉಕ್ಕುಗೈ’ ಮೂಲದಲ್ಲಿ ಕನ್ನಡದ್ದಲ್ಲ. ಬೇರೆ ಊರಿನಿಂದ ಚಿತ್ರದ ದೊಡ್ಡ ದೊಡ್ಡ ಹಾಳೆಗಳು ಬರುತ್ತಿದ್ದವು, ಬಲೂನುಗಳೆಲ್ಲ ಖಾಲಿ. ಬಿನ್ನಿಪೇಟೆಯ ಪ್ರಕಾಶಕರು ಮಾತುಗಳನ್ನು ಒಬ್ಬ ನಿವೃತ್ತ ಮೇಷ್ಟರಿಂದ ಅನುವಾದ ಮಾಡಿಸುತ್ತಿದ್ದರು. ಆ ಮಾತುಗಳನ್ನು ಖಾಲಿ ಬಲೂನುಗಳಲ್ಲಿ ಕೈಯಿಂದ ಬರೆದು ತುಂಬುವವರು ಕಾಕಾ. ಕಿಟಕಿಯ ಪಕ್ಕ ಓರೆ ಮಾಡಿ ಇಟ್ಟ ಹಲಗೆ, ತೆಳುವಾಗಿ ಎಳೆದ ನೀಲಿ ಪೆನ್ಸಿಲ್ ಗೆರೆಗಳು, ಕಪ್ಪು ಇಂಡಿಯನ್ ಇಂಕಿನ ಬಾಟಲಿ, ನಿಬ್ಬು. ಉಸಿರು ಬಿಗಿಹಿಡಿದು ಒಂದು ಬಲೂನು ಮುಗಿಸಿ, ಆಮೇಲೆ ಉಸಿರು ಬಿಡುತ್ತಿದ್ದರು. ಅಷ್ಟು ಹೊತ್ತು ನಾನೂ ಉಸಿರು ಹಿಡಿದುಕೊಂಡೇ ನೋಡುತ್ತಿದ್ದೆ.

ತಾಪತ್ರಯ ಎಲ್ಲಿತ್ತೆಂದರೆ, ಬಲೂನುಗಳನ್ನು ಬೇರೆ ಭಾಷೆಯ ಅಳತೆಗೆ ಬಿಡಿಸಿರುತ್ತಿದ್ದರು. ಇಂಗ್ಲಿಷಿನ ಎರಡು ಪುಟ್ಟ ಪದಗಳಿಗೆ ಎಷ್ಟು ಬೇಕೋ ಅಷ್ಟೇ ಜಾಗ. ಅನುವಾದದ ಮೇಷ್ಟರೋ ಹಳೆಯ ಕಾಲದವರು. ಕಳ್ಳನನ್ನು ಅಟ್ಟಿಸಿಕೊಂಡು ಹೋಗುವ ವೀರನ ಬಾಯಲ್ಲಿ ‘ಎಲೈ ಪಾತಕಿಯೇ, ನಿನ್ನ ಅಟ್ಟಹಾಸವನ್ನು ನಾನಿನ್ನು ಸಹಿಸಲಾರೆನು’ ಎಂದು ಹೇಳಿಸುತ್ತಿದ್ದರು. ಅಷ್ಟು ಹೇಳುವುದರೊಳಗೆ ಕಳ್ಳ ಮಾಗಡಿ ರಸ್ತೆ ದಾಟಿರುತ್ತಾನೆ.

“ನಮ್ಮ ಅಕ್ಷರಕ್ಕ ಕಾಲು ಚಾಚಾಕ ಜಾಗಾ ಬೇಕವಾ” ಎನ್ನುತ್ತಿದ್ದರು ಕಾಕಾ, ಒತ್ತಕ್ಷರಗಳನ್ನು ತೋರಿಸಿ. “ಇವರು ಕೋಳಿಗೂಡು ಕೊಟ್ಟು ಇದರಾಗ ಆನಿ ಕಟ್ಟು ಅಂತಾರ.”

ಅದಕ್ಕೇ ಅವರು ಮಾತನ್ನು ಕತ್ತರಿಸುತ್ತಿದ್ದರು. ಅರ್ಥ ಕೆಡದ ಹಾಗೆ, ಬಲೂನಿಗೆ ಹಿಡಿಸುವಷ್ಟು. ಆದರೆ ಅವರ ನಾಲಿಗೆ ಗದಗಿನದು. ‘ಆಗಂಗಿಲ್ಲ’ ಎಂದು ಬರೆದರೆ ಬೆಂಗಳೂರಿನ ಮಕ್ಕಳು ನಕ್ಕಾರೆಂಬ ಅಳುಕು. ಆಗ ಅವರಿಗೆ ಸಿಕ್ಕಿದ್ದು ನಾನು, ಒಂಬತ್ತು ವರ್ಷದ ಬಾಯಿಬಡುಕಿ. ‘ಇದನ್ನ ನಿಮ್ ಕಡೆ ಹೆಂಗ ಅಂತಾರ?’ ಎಂದು ಕೇಳುವುದು, ನಾನು ಪಟ್ಟನೆ ಹೇಳುವುದು, ಅವರು ಬಾಯಲ್ಲೇ ಎರಡು ಸಲ ಹೇಳಿಕೊಂಡು ನೋಡಿ ಬರೆಯುವುದು. ಇದು ವರ್ಷಗಟ್ಟಲೆ ನಡೆಯಿತು. ಪ್ರಕಾಶಕರಿಗೂ ಮೇಷ್ಟರಿಗೂ ಗೊತ್ತಿರಲಿಲ್ಲ. ಅಚ್ಚಾದ ಮೇಲೆ ಚಿತ್ರಕಥೆಯನ್ನು ಯಾವ ದೊಡ್ಡವರು ತೆರೆದು ನೋಡುತ್ತಾರೆ?

ಅದರಲ್ಲಿ ಒಂದು ದಿನ ಮಾತ್ರ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಉಕ್ಕುಗೈಯ ಪ್ರಾಣಸ್ನೇಹಿತನೇ ಶತ್ರುಗಳ ಜೊತೆ ಸೇರಿ ಅವನನ್ನು ಹಿಡಿದುಕೊಟ್ಟಿದ್ದಾನೆ. ಹೇಗೋ ತಪ್ಪಿಸಿಕೊಂಡು ಬಂದ ಉಕ್ಕುಗೈ ಗೆಳೆಯನ ಎದುರು ಒಂದು ಕ್ಷಣ ನಿಂತು, ಬೆನ್ನು ತಿರುಗಿಸಿ ಹೊರಡುತ್ತಾನೆ. ಮುಖ ಕಾಣುವುದಿಲ್ಲ. ಉಕ್ಕಿನ ಕೈ ಜೋತುಬಿದ್ದಿದೆ. ಬಲೂನು ಕಡಲೆಬೀಜದಷ್ಟು. ಮೇಷ್ಟರು ಬರೆದದ್ದು: ‘ನಿನ್ನೊಂದಿಗಿನ ನನ್ನ ಸ್ನೇಹಸಂಬಂಧವು ಇಂದಿಗೆ ಪರಿಸಮಾಪ್ತಿಯಾಯಿತು.’

“ತಂಗಿ, ದೋಸ್ತಿ ಮುರದ್ರ ನೀವು ಹುಡುಗ್ರು ಏನಂತೀರಿ?” ಎಂದು ಕೇಳಿದರು ಕಾಕಾ.

“ಠೂ ಬಿಡ್ತೀವಿ ಕಾಕಾ.”

“ಠೂ ಅಂದ್ರ?”

ನಾನು ಕಿರುಬೆರಳು ಎತ್ತಿ ತೋರಿಸಿದೆ. “ಹಿಂಗೆ ಬೆರಳು ತೋರ್ಸಿ ಠೂ ಅನ್ಬೇಕು. ಆಮೇಲೆ ಮಾತೇ ಆಡ್ಬಾರ್ದು.”

“ಮತ್ತ ಕೂಡೂದು ಹೆಂಗ?”

“ರಾಜಿ ಅನ್ಬೇಕು. ಯಾರು ಠೂ ಬಿಟ್ಟಿರ್ತಾರೋ ಅವರೇ ಫಸ್ಟು ಅನ್ಬೇಕು. ಇಲ್ಲಾಂದ್ರೆ ಲೆಕ್ಕಕ್ಕಿಲ್ಲ.”

ಕಾಕಾ ತಮ್ಮ ಕಿರುಬೆರಳನ್ನೇ ಸ್ವಲ್ಪ ಹೊತ್ತು ನೋಡಿಕೊಂಡರು. ಆಮೇಲೆ ಆ ಕಡಲೆಬೀಜದೊಳಗೆ ಬರೆದರು: ‘ಹೋಗು. ಠೂ.’

ಆ ಸಂಚಿಕೆ ಬಂದಾಗ ನಮ್ಮ ಬೀದಿಯ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯಲ್ಲಿ ಅದಕ್ಕೆ ಕಿತ್ತಾಟವಾಯಿತು. ಆದರೆ ನಕ್ಕಾದ ಮೇಲೆ ಮತ್ತೆ ಆ ಪುಟ ತೆರೆದರೆ, ಬೆನ್ನು ತೋರಿಸಿ ಹೋಗುತ್ತಿರುವ ಅಷ್ಟು ದೊಡ್ಡ ಮನುಷ್ಯ, ಅಷ್ಟು ಚಿಕ್ಕ ಮಾತು... ಮತ್ತೆ ನಗು ಬರುತ್ತಿರಲಿಲ್ಲ. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಆ ಪುಟ ನೋಡಿ ಅತ್ತೇಬಿಟ್ಟಳು, ಅವಳ ಅಪ್ಪ ಚಿಕ್ಕಪ್ಪ ಆಗಷ್ಟೇ ಮಾತು ಬಿಟ್ಟಿದ್ದರು.

ಆಮೇಲೆ ನಾನು ಬೆಳೆದೆ. ಬೆಳೆದದ್ದಕ್ಕಿಂತ ಹೆಚ್ಚಾಗಿ ಓದಿದೆ. ಜ್ಞಾನಭಾರತಿಯಲ್ಲಿ ಕನ್ನಡ ಎಂ.ಎ. ಸೇರಿದ ಮೇಲಂತೂ ನನಗೆ ಎರಡು ಕೊಂಬು ಬಂದಿದ್ದವು. ಅಮ್ಮ ಬರೆದ ಸಾಮಾನಿನ ಚೀಟಿಯಲ್ಲಿ ಕಾಗುಣಿತ ತಿದ್ದುವುದು, ಹಾಲಿನವರ ಮಾತು ತಿದ್ದುವುದು, ಬಸ್ಸಿನ ಬೋರ್ಡು ಓದಿ ಹುಬ್ಬು ಗಂಟಿಕ್ಕುವುದು. ಕೆಳಗಿನ ಮನೆಗೆ ಹೋಗುವುದು ಕಡಿಮೆಯಾಗಿತ್ತು. ಮೆಟ್ಟಿಲಲ್ಲಿ ಎದುರಾದರೆ ಕಾಕಾ “ಏನ್ ಓದಾಕತ್ತೀ ತಂಗಿ?” ಎನ್ನುತ್ತಿದ್ದರು. ನಾನು ಪುಸ್ತಕದ ಹೆಸರು ಹೇಳುತ್ತಿದ್ದೆ, ಅವರಿಗೆ ಅರ್ಥವಾಗುವುದಿಲ್ಲ ಎಂಬ ಧಾಟಿಯಲ್ಲಿ. ಅದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ನನಗೆ ಇಪ್ಪತ್ತೆರಡು ತುಂಬಿದ್ದಾಗ ‘ಉಕ್ಕುಗೈ’ಯ ನೂರನೇ ಸಂಚಿಕೆ ಬಂತು. ನಮ್ಮ ಗುಂಪಿನವರೇ ನಡೆಸುತ್ತಿದ್ದ ಒಂದು ಮಾಸಪತ್ರಿಕೆಗೆ ಮಕ್ಕಳ ಸಾಹಿತ್ಯದ ಮೇಲೆ ಬರೆಯಬೇಕಿತ್ತು. ಅದನ್ನೇ ಆರಿಸಿಕೊಂಡೆ. ನನ್ನ ಮೊದಲ ವಿಮರ್ಶೆ ಅದು. ಆ ಸಂಚಿಕೆಯಲ್ಲಿ ದ್ರೋಹ ಮಾಡಿದ್ದ ಗೆಳೆಯ ಮರಳಿ ಬರುತ್ತಾನೆ. ಉಕ್ಕುಗೈಗೆ ಬೀಳಬೇಕಾಗಿದ್ದ ಏಟನ್ನು ತಾನು ತಿಂದು ಅವನ ತೊಡೆಯ ಮೇಲೆ ಸಾಯುತ್ತಾನೆ. ಆಗ ಉಕ್ಕುಗೈ ಹೇಳುವುದು ಎರಡೇ ಪದ: ‘ರಾಜಿ ಕಣೋ.’

ನಾನು ಬರೆದದ್ದು ನನಗೆ ಅಕ್ಷರಶಃ ನೆನಪಿದೆ. ‘ಜಗತ್ತನ್ನು ಕಾಯುವ ವೀರನೊಬ್ಬ ಸಾವಿನ ಎದುರು ಆಡುವ ಮಾತೇ ಇದು? ಇದೇನು ಗೋಲಿಯಾಟವೇ? ಅಕ್ಷರಗಳನ್ನು ಬರೆದ ಕೈ ಮುತ್ತು ಪೋಣಿಸಿದೆ, ಆದರೆ ಆ ಮುತ್ತಿನ ದಾರಕ್ಕೆ ಬೀದಿಯ ಧೂಳು ಮೆತ್ತಿದೆ. ಮಕ್ಕಳ ನಾಲಿಗೆ ಕೆಡಿಸುವ ಈ ಭಾಷೆಗೆ ಹೊಣೆ ಯಾರು?’ ಹೊಣೆ ಅನುವಾದದ ಮೇಷ್ಟರದೆಂದೇ ನಾನು ತಿಳಿದಿದ್ದೆ. ಕಾಕಾ ಮಾತು ಕತ್ತರಿಸುತ್ತಿದ್ದದ್ದು, ನನ್ನನ್ನು ಕೇಳುತ್ತಿದ್ದದ್ದು, ಎಲ್ಲ ನನ್ನ ತಲೆಯಿಂದ ಅಳಿಸಿಹೋಗಿತ್ತೇ? ಅಥವಾ ಎಂ.ಎ. ಓದುವವಳಿಗೆ ಅದು ನೆನಪಿರುವುದು ಬೇಡವಾಗಿತ್ತೇ?

ಪತ್ರಿಕೆ ಅಚ್ಚಾಗಿ ಬಂದ ದಿನ ಮೊದಲ ಪ್ರತಿಯನ್ನು ಹಿಡಿದು ಕೆಳಗೆ ಓಡಿದೆ. ‘ಮುತ್ತು ಪೋಣಿಸಿದ ಕೈ’ ಎಂದು ಬರೆದಿದ್ದೇನಲ್ಲ, ಕಾಕಾ ಹಿಗ್ಗುತ್ತಾರೆಂದು. ಅವರು ಹಲಗೆಯ ಮುಂದಿನಿಂದ ಎದ್ದು, ಕಿಟಕಿಯ ಬೆಳಕಿಗೆ ಹಿಡಿದು ನಿಂತೇ ಓದಿದರು. ಓದಿದ್ದನ್ನೇ ಇನ್ನೊಂದು ಸಲ ಓದಿದರು.

“ಛಂದ ಬರದೀ” ಎಂದರು. ಆಮೇಲೆ ಪತ್ರಿಕೆ ಮಡಿಸುತ್ತ, ದೂರುವ ದನಿಯಲ್ಲೇನೂ ಅಲ್ಲ, ನಿಜಕ್ಕೂ ಗೊತ್ತಿಲ್ಲದೆ ಕೇಳುವವರ ಹಾಗೆ ಕೇಳಿದರು. “ಈ ರಾಜಿ ಅನ್ನೂದು... ನೀನ ಹೇಳಿಕೊಟ್ಟದ್ದಲ್ಲೇನ ತಂಗಿ?”

“ನಾನಾ? ನಾನ್ಯಾಕೆ ಹಂಗೆಲ್ಲ ಹೇಳ್ಲಿ ಕಾಕಾ!” ಎಂದು ನಕ್ಕೆ.

“ಹೌದೇನು? ಹಂಗಾದ್ರ ನನಗ ತಪ್ಪು ನೆನಪಿರಬೇಕು” ಎಂದು ಅವರೂ ನಕ್ಕರು. ಒಳಗಿನಿಂದ ಚಿಗವ್ವ ಬಂದು ನನ್ನ ಮುಖವನ್ನೇ ನೋಡಿದರು. ಅವರು ನಗಲಿಲ್ಲ.

ಹದಿನೈದು ದಿನಕ್ಕೆ ಬಿನ್ನಿಪೇಟೆಯ ಪ್ರಕಾಶಕರಿಂದ ನನಗೆ ಕರೆ ಬಂತು. ಬಯ್ಯುತ್ತಾರೆಂದು ಅಂಜಿಕೊಂಡೇ ಹೋದೆ. ಅವರು ಕುರ್ಚಿ ಕೊಟ್ಟು ಕಾಫಿ ತರಿಸಿದರು. ಮೇಜಿನ ಮೇಲೆ ಹಳೆಯ ಸಂಚಿಕೆಗಳ ರಾಶಿ, ಪಕ್ಕದಲ್ಲಿ ಅನುವಾದದ ಮೇಷ್ಟರು ಇಟ್ಟುಕೊಂಡಿದ್ದ ಕಾರ್ಬನ್ ಪ್ರತಿಗಳು. ವಿಮರ್ಶೆ ಓದಿ ಸಿಡಿಮಿಡಿಗೊಂಡ ಮೇಷ್ಟರೇ ಅವನ್ನು ಹೊತ್ತು ತಂದು, ಇದರಲ್ಲಿ ನನ್ನ ಮಾತು ಅರ್ಧವೂ ಇಲ್ಲ ಎಂದು ಕೂಗಾಡಿ ಹೋಗಿದ್ದರಂತೆ.

“ನೋಡಮ್ಮ, ನನ್ನ ಮೂಗಿನ ಕೆಳಗೇ ಇಷ್ಟು ವರ್ಷ ನಡೆದಿದೆ ಇದು. ನೀವು ಬರೀದೇ ಹೋಗಿದ್ರೆ ಗೊತ್ತೇ ಆಗ್ತಿರಲಿಲ್ಲ” ಎಂದು ಒಂದು ಹಳೆಯ ಸಂಚಿಕೆಯನ್ನು ನನ್ನ ಕಡೆ ತಳ್ಳಿದರು. ‘ಹೋಗು. ಠೂ.’

ಅಷ್ಟೇ ಸಾಕಾಯಿತು. ಹಲಗೆ, ಇಂಕಿನ ವಾಸನೆ, ಎತ್ತಿ ಹಿಡಿದ ನನ್ನ ಕಿರುಬೆರಳು, ಎಲ್ಲ ಒಂದೇಟಿಗೆ ನೆನಪಾಯಿತು. ನಾನು ಬೀದಿಯ ಧೂಳು ಎಂದು ಬರೆದದ್ದು ನನ್ನದೇ ಬಾಯಿಯ ಮಾತು.

“ಅಕ್ಷರ ಬರೆಯೋರು ಉತ್ತರ ಕರ್ನಾಟಕದೋರು. ಈ ಠೂ, ರಾಜಿ ಎಲ್ಲ ಅವರಿಗೆ ಹೆಂಗೆ ಗೊತ್ತು? ಯಾರೋ ಹೇಳ್ಕೊಡ್ತಿದ್ದಾರೆ. ನೀವು ಅವರ ಮನೆ ಮೇಲೇ ಇರೋದಂತಲ್ಲ, ನಿಮಗೇನಾದ್ರೂ ಗೊತ್ತಾ?” ಎಂದರು ಪ್ರಕಾಶಕರು.

“ಗೊತ್ತಿಲ್ಲ ಸಾರ್” ಎಂದೆ.

ಕಾಕಾ ಮುಂದೆ ‘ಇಲ್ಲ’ ಎಂದದ್ದು ಮರೆವೋ ಏನೋ, ದೇವರಿಗೇ ಗೊತ್ತು. ಇದು ಮಾತ್ರ ಶುದ್ಧ ಸುಳ್ಳು. ‘ನಾನೇ ಹೇಳಿಕೊಟ್ಟೆ ಸಾರ್, ಮಕ್ಕಳಿಗೆ ಅದು ತುಂಬ ಇಷ್ಟ, ಅವರನ್ನು ತೆಗೆಯಬೇಡಿ’ ಎನ್ನಲು ಅರ್ಧ ನಿಮಿಷ ಬೇಕಿತ್ತು. ನನ್ನ ಮೊದಲ ವಿಮರ್ಶೆ ನಗೆಪಾಟಲಾಗುತ್ತಿತ್ತು, ಅಷ್ಟೇ ತಾನೇ ನಷ್ಟ? ಅದಕ್ಕೇ ಹೆದರಿದೆ. ಅದೂ ಸಾಲದೆಂಬಂತೆ, “ಇನ್ಮೇಲೆ ಭಾಷೆ ನೀವೇ ನೋಡ್ಕೊಳಿ” ಎಂದು ಪ್ರಕಾಶಕರು ಹೇಳಿದಾಗ ತಲೆಯಾಡಿಸಿ ಬಂದೆ. ಕಾಕಾ ಅವರ ಕೆಲಸ ಹೋಯಿತು. ನನಗೆ ಕೆಲಸ ಸಿಕ್ಕಿತು.

ಮನೆಗೆ ಬಂದು ಅಮ್ಮನಿಗೆ ಅರ್ಧ ಹೇಳಿದೆ, ನನಗೆ ಕೆಲಸ ಸಿಕ್ಕ ಅರ್ಧ. ಅಮ್ಮ ಸಿಹಿ ಮಾಡಿ ಒಂದು ಬಟ್ಟಲು ಕೆಳಗೂ ಕೊಟ್ಟು ಬಂದಳು.

ಮೂರು ವರ್ಷ ನಾನು ಉಕ್ಕುಗೈಯ ನಾಲಿಗೆ ತಿದ್ದಿದೆ. ಒಂದು ‘ಕಣೋ’ ಬಿಡಲಿಲ್ಲ, ಒಂದು ‘ಲೇ’ ಬಿಡಲಿಲ್ಲ. ಕಂಪ್ಯೂಟರು ಬಂದಿತ್ತು. ಮಾತು ಉದ್ದವಾದಷ್ಟೂ ಅಕ್ಷರ ಸಣ್ಣದು ಮಾಡಿದರಾಯಿತು, ಬಲೂನಿಗೆ ಹಿಡಿಸಬೇಕೆಂಬ ಹಂಗಿಲ್ಲ. ಪ್ರಕಾಶಕರಿಗೆ ಬರುತ್ತಿದ್ದ ಮಕ್ಕಳ ಕಾಗದಗಳು ಕಡಿಮೆಯಾಗುತ್ತ ಹೋಗಿ ಕೊನೆಗೆ ನಿಂತವು. ಸರಣಿಯೂ ನಿಂತಿತು. ಟೀವಿ ಬಂದು ಹಾಳಾಯಿತು ಎಂದರು ಎಲ್ಲರೂ. ನಾನೂ ಹಾಗೆಯೇ ಹೇಳಿಕೊಂಡು ಬಂದೆ. ಕಾಕಾ ಅವರನ್ನು ಹೇಗೂ ಕಂಪ್ಯೂಟರ್ ಬಂದು ಮನೆಗೆ ಕಳಿಸುತ್ತಿತ್ತು ಎಂದು ಸಮಾಧಾನ ಹೇಳುವವರೂ ಇದ್ದಾರೆ. ಇರಬಹುದು. ಆದರೆ ಕಳಿಸಿದ್ದು ಕಂಪ್ಯೂಟರ್ ಅಲ್ಲ, ನಾನು.

ಅಷ್ಟರಲ್ಲಿ ಅವರು ಮನೆ ಬಿಟ್ಟು ಕೆಂಗೇರಿಯ ಕಡೆ ಹೋಗಿಯಾಗಿತ್ತು. ಹೋಗುವ ದಿನ ನಾನು ಬೇಕೆಂದೇ ಗ್ರಂಥಾಲಯದಲ್ಲಿ ಕೂತಿದ್ದೆ. ಆಮೇಲೆ ಅವರನ್ನು ನೋಡಿದ್ದು ಒಂದೇ ಸಲ. ಮಧ್ಯಾಹ್ನ ಬಸ್ಸಿನಲ್ಲಿ ಮೈಸೂರು ರಸ್ತೆಯಲ್ಲಿ ಹೋಗುತ್ತಿದ್ದೆ. ನಾಯಂಡಹಳ್ಳಿಯ ಗ್ಯಾರೇಜುಗಳ ಸಾಲಿನಲ್ಲಿ ಒಬ್ಬರು ಸ್ಟೂಲಿನ ಮೇಲೆ ಕುಳಿತು ಲಾರಿಯ ಹಿಂದೆ ನಂಬರು ಬರೆಯುತ್ತಿದ್ದರು. ಬೆನ್ನು ಮಾತ್ರ ಕಾಣುತ್ತಿತ್ತು, ಆದರೆ ಒಂದು ಅಂಕೆ ಮುಗಿಸಿ ಹೆಗಲು ಇಳಿಸಿ ಉಸಿರು ಬಿಟ್ಟರಲ್ಲ, ಗುರುತು ಹತ್ತಿತು. ಬಸ್ಸು ಸಿಗ್ನಲ್ಲಿಗೆ ನಿಂತೇ ಇತ್ತು. ಇಳಿಯಬಹುದಿತ್ತು... ಇಳಿಯಲಿಲ್ಲ. ಆರು ವರ್ಷದ ಕೆಳಗೆ ಅವರು ತೀರಿಕೊಂಡರೆಂದು ಅಮ್ಮ ಫೋನು ಮಾಡಿ ಹೇಳಿದಾಗಲೂ, ನಾನು ಊರಲ್ಲಿಲ್ಲ ಎಂದುಬಿಟ್ಟೆ. ಊರಲ್ಲೇ ಇದ್ದೆ.

ಇಷ್ಟನ್ನೂ ನುಂಗಿಕೊಂಡು ಹೊಸ ಸಂಚಿಕೆಯ ಬಗ್ಗೆ ಐನೂರು ಪದ ಬರೆದು ಕೈ ತೊಳೆದುಕೊಳ್ಳುತ್ತಿದ್ದೆನೋ ಏನೋ. ನನ್ನ ಜಾಯಮಾನ ನನಗೆ ಗೊತ್ತಿಲ್ಲವೇ? ಆದರೆ ಮೊದಲ ಪುಟಕ್ಕೂ ಮುಂಚೆ ಇರುವ ಪ್ರಕಾಶಕರ ಮಾತನ್ನು ಕೊನೆಯಲ್ಲಿ ಓದುವುದು ನನ್ನ ಅಭ್ಯಾಸ. ಅಲ್ಲಿ ಹೀಗಿತ್ತು: ‘ಹಳೆಯ ಸರಣಿಯ ಕೊನೆಯ ವರ್ಷಗಳ ಶುದ್ಧ ಭಾಷೆಯೇ ನಮಗೆ ಮಾದರಿ. ಅದನ್ನು ರೂಪಿಸಿದವರಿಗೆ ಈ ಸಂಚಿಕೆ ಅರ್ಪಣೆ.’ ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು. ಹನ್ನೊಂದನೇ ಪುಟದಲ್ಲಿ ಕಂಬ ಹೊತ್ತುಕೊಂಡು ‘ಸಾಧ್ಯವಾಗುವುದಿಲ್ಲ’ ಎನ್ನುತ್ತಿರುವವನಿಗೆ ಆ ಮಾತು ಕೊಟ್ಟವಳು ನಾನೇ ಎಂದಾಯಿತು. ಪುಸ್ತಕ ಮುಚ್ಚಿಟ್ಟೆ.

ಮರುದಿನ ಬೆಳಿಗ್ಗೆ ಅಮ್ಮನಿಂದ ವಿಳಾಸ ಕೇಳಿಕೊಂಡು ಮೆಟ್ರೊ ಹತ್ತಿದೆ. ಕೆಂಗೇರಿ ಉಪನಗರದಲ್ಲಿ ಚಿಗವ್ವ ತಂಗಿಯ ಮಗನ ಮನೆಯ ಮುಂದಿನ ಕೋಣೆಯಲ್ಲಿದ್ದಾರೆ. ಎಪ್ಪತ್ತು ದಾಟಿದೆ, ಕಣ್ಣು ಮಾತ್ರ ಹಾಗೇ ಇದೆ. ಬಾಗಿಲು ತೆರೆದವರು ಹೆಸರು ಹೇಳುವ ಮೊದಲೇ ಗುರುತು ಹಿಡಿದರು. “ಬಾ” ಎಂದರು.

ನಾನು ಹೇಗೆ ಹೇಗೆ ಮಾತು ಕೂಡಿಸಿಕೊಂಡು ಹೋಗಿದ್ದೆನೋ ಹಾಗೆ ಒಂದೂ ಬರಲಿಲ್ಲ. “ಚಿಗವ್ವ, ಅದನ್ನೆಲ್ಲ ನಾನೇ ಹೇಳ್ಕೊಟ್ಟಿದ್ದು. ಪ್ರೆಸ್ಸಲ್ಲಿ ಕೇಳ್ದಾಗ ಗೊತ್ತಿಲ್ಲ ಅಂದ್ಬಿಟ್ಟೆ” ಎಂದೆ.

“ಗೊತ್ತೈತಿ” ಎಂದರು ಚಿಗವ್ವ. “ಅವ್ರನ್ನೂ ಕೇಳಿದ್ರು. ನಿನ್ನ ಕರಿಯೂದಕಿಂತ ಮೊದಲ ಅವ್ರನ್ನ ಕರದು ಕೇಳಿದ್ರು, ಯಾರು ಹೇಳಿಕೊಟ್ರು ಅಂತ. ಯಾರೂ ಇಲ್ರೀ, ನಾನ ಕಟ್ಟಿಕೊಂಡು ಬರದೆ ಅಂದು ಬಂದ್ರು.”

ನನಗೆ ಇದು ಗೊತ್ತಿರಲಿಲ್ಲ. ಇಷ್ಟು ವರ್ಷ, ಕಾಕಾ ಅವರನ್ನು ಯಾರೂ ಕೇಳಿರಲಿಕ್ಕಿಲ್ಲ, ಕೇಳಿದ್ದರೆ ನನ್ನ ಹೆಸರು ಹೇಳಿ ಉಳಿದುಕೊಳ್ಳುತ್ತಿದ್ದರು ಎಂದುಕೊಂಡಿದ್ದೆ.

“ನಾ ಜಗಳಾ ತಗದೆ” ಎಂದು ಚಿಗವ್ವ ಮುಂದುವರಿಸಿದರು. “ಬೈದು ಬರದಾಕೀನ ಹೇಳಿಕೊಟ್ಟಾಳ, ಹೋಗಿ ಹೇಳ್ರಿ, ನಿಮ್ಮ ಕೆಲಸ ಉಳೀತೈತಿ ಅಂದೆ. ಕೇಳಲಿಲ್ಲ. ಹುಡುಗಿ ಈಗಿನ್ನ ಬರ್ಯಾಕ ಹತ್ತೇತಿ, ಮೊದಲನೇದ್ದಕ್ಕ ಮಂದಿ ನಗಬಾರದು ಅಂದ್ರು. ಮೂರು ದಿನಾ ನಾ ಅವರ ಕೂಡ ಮಾತಾಡಲಿಲ್ಲ.”

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಎದ್ದು ಒಳಗೆ ಹೋಗಿ ಚಹಾ ತಂದರು. “ನನಗ ನಿನ್ನ ಮ್ಯಾಲೆ ಸಿಟ್ಟು ಇನ್ನೂ ಐತಿ. ಹಂಗಂತ ಮನಿಗೆ ಬಂದಾಕೀಗೆ ಚಾ ಕೊಡದ ಕಳಸಾಕ ಆಗೂದಿಲ್ಲ. ಕುಡಿ” ಎಂದರು.

ಇದನ್ನೆಲ್ಲ ಬರೆಯಲೇ ಎಂದು ಕೇಳಿದೆ. “ಬರಿ. ಅವರ ಹೆಸರು ಹಾಕಬ್ಯಾಡ. ಅಷ್ಟು ಪುಸ್ತಕ ಬರದ್ರು, ಒಂದರಾಗೂ ಹಾಕಲಿಲ್ಲ. ಈಗ್ಯಾಕ?” ಎಂದರು.

ಬರೆದೆ. ಚಿತ್ರಗಳನ್ನು ಮೆಚ್ಚಿ ಬರೆದೆ, ಬಣ್ಣವನ್ನು ಮೆಚ್ಚಿ ಬರೆದೆ. ಮಾತು ಸತ್ತಿದೆ ಎಂದು ಬರೆದೆ. ಹೇಗೆ ಸತ್ತಿತು, ಯಾರಿಂದ ಸತ್ತಿತು ಎನ್ನುವುದನ್ನು ಮೊದಲಿನಿಂದ ಬರೆದೆ. ಅರ್ಪಣೆಯಲ್ಲಿರುವ ಹೆಸರನ್ನು ಮುಂದಿನ ಮುದ್ರಣದಲ್ಲಿ ತೆಗೆಯಿರಿ ಎಂದು ಕೇಳಿಕೊಂಡೆ. ಸಂಪಾದಕಿಗೆ ಕಳಿಸಿದ ಒಂದು ಗಂಟೆಗೆ ಅವಳ ಫೋನು ಬಂತು.

“ಮೇಡಂ, ಸಖತ್ತಾಗಿದೆ, ಆದ್ರೆ ಸಾವಿರದ ಇನ್ನೂರು ಪದ ಆಗಿದೆ. ಕಟ್ ಮಾಡ್ಲೇಬೇಕು. ಇನ್ನೊಂದು... ‘ನಾನು ಸುಳ್ಳು ಹೇಳಿದೆ’ ಅಂತ ನೇರವಾಗಿ ಬರ್ದಿದೀರ. ಓದೋರು ನಿಮ್ಮನ್ನೇ ಆಡ್ಕೊತಾರೆ. ಅದೊಂದು ಲೈನ್ ತೆಗ್ದುಬಿಡ್ಲಾ?”

“ಬೇರೆ ಏನ್ ಬೇಕಾದ್ರೂ ಕಟ್ ಮಾಡಮ್ಮ. ಅದೊಂದು ಬಿಟ್ಟು” ಎಂದೆ.

ಶನಿವಾರ ಪ್ರಕಟವಾಯಿತು. ಚಿಗವ್ವನಿಗೆ ಫೋನಿನಲ್ಲೇ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ನಡುವೆ ಒಂದು ಸಲವೂ ಹ್ಞೂಂ ಎನ್ನಲಿಲ್ಲ. ಲೈನು ಕಟ್ಟಾಗಿದೆಯೇನೋ ಎಂದು ಎರಡು ಸಲ ನಿಲ್ಲಿಸಿ ನೋಡಿದೆ.

“ಭಾಳ ತಡಾ ಆತವಾ” ಎಂದರು ಮುಗಿದ ಮೇಲೆ.

“ಹೌದು ಚಿಗವ್ವ” ಎಂದೆ.